ಒಂಬತ್ತು ತಿಂಗಳ ಲೆಕ್ಕ

“ಅಮ್ಮ, ನಾನೀಗ ಕಂಟ್ರಾಕ್ಟರ್” ಅಂದೆ. ಮೈಸೂರಿನ ಕಡೆಯಿಂದ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ, “ರಸ್ತೆ ಕೆಲಸಾನೇನೆ? ಆ ಕಾಲಿಟ್ಕೊಂಡು?”

ಆ ಕಾಲು ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದ ಕಾಲು. ನರಗಳ ಹೊದಿಕೆಯನ್ನು ದೇಹವೇ ಹಾಳುಮಾಡುವ ಕಾಯಿಲೆ. ವೈರಿನ ಇನ್ಸುಲೇಶನ್ ಕಿತ್ತುಹೋದ ಹಾಗೆ. ನ್ಯೂಜೆರ್ಸಿಯಲ್ಲಿ ಹನ್ನೊಂದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, 2021ರಲ್ಲಿ ಕೆಲಸ ಬಿಟ್ಟೆ. ಈಗ ತಿಂಗಳಿಗೊಮ್ಮೆ ಸೋಷಿಯಲ್ ಸೆಕ್ಯುರಿಟಿಯಿಂದ ಅಂಗವೈಕಲ್ಯ ಭತ್ಯೆ ಬರುತ್ತದೆ.

“ಲಕ್ಕಿ ರೀ ನೀವು, ಮನೇಲಿ ಕೂತಲ್ಲೇ ದುಡ್ಡು” ಅಂತ ಯುಗಾದಿ ಊಟದಲ್ಲಿ ಗೆಳತಿಯೊಬ್ಬಳು ಹೇಳಿದಳು. ಹನ್ನೊಂದು ವರ್ಷ ನನ್ನ ಸಂಬಳದಲ್ಲಿ 6.2 ಪರ್ಸೆಂಟ್ ಇದೇ ಸೋಷಿಯಲ್ ಸೆಕ್ಯುರಿಟಿಗೆ ಕಟ್ ಆಗಿದೆ, ಕಂಪನಿಯೂ ಅಷ್ಟೇ ಕಟ್ಟಿದೆ. ಗುದ್ದಿಸಿಕೊಂಡ ಕಾರಿಗೆ ಇನ್ಶೂರೆನ್ಸ್ ಬಂದರೆ ಯಾರೂ ಲಕ್ಕಿ ಅನ್ನಲ್ಲ. ಹೇಳಬೇಕಿತ್ತು, ಹೋಳಿಗೆ ತಿನ್ನುತ್ತಾ ಸುಮ್ಮನಿದ್ದೆ.

2024ರ ಶುರುವಿನಲ್ಲಿ ಹಳೇ ಮ್ಯಾನೇಜರ್ ಫೋನ್ ಮಾಡಿದ. ಯೂಸರ್ ಮ್ಯಾನುಯಲ್ ಬರೆಯೋ ಕೆಲಸ, ಗಂಟೆ ಲೆಕ್ಕ, ಮನೆಯಿಂದಲೇ. ಎರಡು ಸೆಕೆಂಡಿನಲ್ಲಿ ಹೂಂ ಅಂದೆ. ಆಮೇಲೆ ರಾತ್ರಿಯೆಲ್ಲಾ ನಿದ್ದೆಯಿಲ್ಲ, ನಿಯಮಗಳನ್ನು ಓದುತ್ತಾ ಕೂತೆ.

ನಿಯಮ ಹೀಗೆ. ಆ ವರ್ಷ ಖರ್ಚು ಕಳೆದು 1,110 ಡಾಲರಿಗಿಂತ ಹೆಚ್ಚು ದುಡಿದ ತಿಂಗಳು ‘ಪ್ರಯೋಗದ ತಿಂಗಳು’. ನನ್ನಂಥ ಸ್ವಂತ ಕೆಲಸದವರು 80 ಗಂಟೆ ದಾಟಿದರೆ, ದುಡ್ಡು ಕಮ್ಮಿ ಬಂದರೂ ಅದು ಲೆಕ್ಕಕ್ಕೆ. ಅರವತ್ತು ತಿಂಗಳ ಅವಧಿಯಲ್ಲಿ ಅಂಥವು ಒಂಬತ್ತು ಸಿಗುತ್ತವೆ, ಬಿಡಿಬಿಡಿಯಾಗಿ ಆದರೂ ಸರಿ. ಆ ತಿಂಗಳುಗಳಲ್ಲಿ ಎಷ್ಟೇ ದುಡಿದರೂ ಭತ್ಯೆ ಪೂರ್ತಿ ಬರುತ್ತದೆ. ಒಂಬತ್ತೂ ಮುಗಿದ ಮೇಲೆ ಇನ್ನೊಂದು ಗೆರೆ, ಆ ವರ್ಷ ಅದು 1,550 ಇತ್ತು. ಅದನ್ನು ದಾಟುತ್ತಾ ಹೋದರೆ ಸಾಮಾನ್ಯವಾಗಿ ಭತ್ಯೆ ನಿಲ್ಲುತ್ತದೆ. ಜೊತೆಗೆ, ಮೊದಲು ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ 15.3 ಪರ್ಸೆಂಟ್ ತೆರಿಗೆ ಈಗ ನನ್ನ ತಲೆಗೇ.

(ಒಂಬತ್ತು ತಿಂಗಳು ಅಂತ ಹೇಳಿದ್ದಕ್ಕೆ ಅಮ್ಮನ ದನಿ ಒಮ್ಮೆಲೇ ಅರಳಿತು. ಪಾಪ, ಬಿಡಿಸಿ ಹೇಳೋಕೆ ಹತ್ತು ನಿಮಿಷ ಬೇಕಾಯ್ತು.)

ಮಾರ್ಚಿನಲ್ಲಿ ಎರಡು ವಾರ ಮೈ ಹಗುರಾಗಿತ್ತು. ಖರ್ಚೆಲ್ಲಾ ಕಳೆದು 1,300 ಡಾಲರ್ ಉಳಿಯುವಷ್ಟು ಕೆಲಸ ಮಾಡಿದೆ. ಒಂದು ತಿಂಗಳು ಖರ್ಚಾಯ್ತು. ಏಪ್ರಿಲ್‌ನಲ್ಲಿ ಬಲಗಣ್ಣು ಮಂಜಾಯ್ತು. ಸ್ಟಿರಾಯ್ಡ್ ಡ್ರಿಪ್, ಹಾಸಿಗೆ, ಗಳಿಕೆ ಸೊನ್ನೆ. ಹೋದ ತಿಂಗಳಂತೂ ವಾಪಸ್ ಬರಲ್ಲ.

ಜೂನ್‌ನಲ್ಲಿ 1,500 ಡಾಲರಿನ ಕೆಲಸ ಬಂತು. ಕ್ಯಾಲ್ಕುಲೇಟರ್ ಹಿಡಿದು ಕೂತು, “ಸಾವಿರದ್ದು ಸಾಕು” ಅಂತ ಬರೆದೆ. ಮೈ ಹುಷಾರಿಲ್ಲವೇನೋ ಅಂದುಕೊಂಡು ಅವನು “ಟೇಕ್ ಕೇರ್” ಅಂದ. ಆವತ್ತು ನಾನು ಆರಾಮಾಗಿದ್ದೆ ಕಣ್ರೀ! ಕೋಲಿಲ್ಲದೆ ಪಾರ್ಕಿನ ತನಕ ಹೋಗಿಬಂದಿದ್ದೆ. ಕಾಯಿಲೆ ಬಿದ್ದಾಗ ಆಗದ ನಾಚಿಕೆ, ಚೆನ್ನಾಗಿರುವ ದಿನ ಕೆಲಸ ಬೇಡ ಅಂದಾಗ ಆಯ್ತು.

ಅದೇ ಗೆಳತಿ ಉಪಾಯ ಹೇಳಿದಳು: “ಯಜಮಾನ್ರ ಹೆಸರಲ್ಲಿ ಬಿಲ್ ಮಾಡ್ಸಿ ರೀ, ಯಾರಿಗೆ ಗೊತ್ತಾಗುತ್ತೆ?” ಆ ತಿಂಗಳ ಎಂಆರ್‌ಐ ಬಿಲ್ಲು ಮೇಜಿನ ಮೇಲಿತ್ತು, ಎರಡು ದಿನ ಯೋಚನೆ ಮಾಡಿದ್ದು ನಿಜ. ಮಾಡಲಿಲ್ಲ. ಪ್ರಾಮಾಣಿಕತೆ ಅಂತ ದೊಡ್ಡ ಮಾತು ಬೇಡ, ಹೆದರಿಕೆಯೇ ಹೆಚ್ಚು. ಹೆಚ್ಚಿಗೆ ಕೊಟ್ಟ ಭತ್ಯೆಯನ್ನು ಅವರು ವಾಪಸ್ ಕೇಳ್ತಾರೆ. ಅದಕ್ಕೇ ಪ್ರತಿ ಇನ್ವಾಯ್ಸೂ ಒಂದು ನೀಲಿ ಫೈಲಿನಲ್ಲಿದೆ, ಗಳಿಕೆಯನ್ನೆಲ್ಲಾ ವರದಿ ಮಾಡಿದ್ದೇನೆ.

ಇನ್ನೂ ಎಂಟು ಉಳಿದಿವೆ. ಇವತ್ತು ಬೆಳಿಗ್ಗೆ ಮತ್ತೆ ಅವನ ಮೇಲ್ ಬಂದಿದೆ: ಸೆಪ್ಟೆಂಬರ್, ಅಕ್ಟೋಬರ್ ಎರಡೂ ತಿಂಗಳು ಕೈತುಂಬಾ ಕೆಲಸ, ಬರ್ತೀಯಾ? ಉತ್ತರ ಬರೆದಿಲ್ಲ. ಕೋಲನ್ನು ಕುರ್ಚಿಗೆ ಒರಗಿಸಿ, ಗೋಡೆ ಹಿಡಿಯದೆ ಅಡುಗೆಮನೆ ತನಕ ನಡೆದು, ಕಾಫಿಗೆ ನೀರಿಟ್ಟಿದ್ದೇನೆ.