ಹೊಸಕೋಟೆಯ ಚೆಡುಗುಡು ಕಣ

ನಮ್ಮ ನಾಡಿನಲ್ಲಿ ಹೊಸಕೋಟೆ ಎಂಬ ಹೆಸರಿನ ಊರುಗಳು ಹಲವು. ಒಂದನ್ನು ಮತ್ತೊಂದರಿಂದ ಬೇರ್ಪಡಿಸಿ ಹೇಳುವುದಕ್ಕಾಗಿ ಜನರು ಯಾವುದಾದರೊಂದು ವಿಶೇಷಣವನ್ನು ಮುಂದಿರಿಸುವುದು ವಾಡಿಕೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಹೊಸಕೋಟೆಗೆ ಅದರ ಪಾಳೆಯಗಾರನಾದ ಯಲ್ಲಪ್ಪನಾಯಕನ ಹೆಸರೇ ವಿಶೇಷಣವಾಯಿತು. ಕಾಲಕ್ರಮದಲ್ಲಿ ಆ ನೀಳವಾದ ಹೆಸರು ಸವೆದು ಸವೆದು ಎರಡು ಇಂಗ್ಲಿಷ್ ಅಕ್ಷರಗಳಷ್ಟೇ ಉಳಿದು, ಇಂದು ಬಸ್ಸಿನ ಹಲಗೆಯ ಮೇಲೆ ‘ವೈ.ಎನ್. ಹೊಸಕೋಟೆ’ ಎಂದು ನಿಂತಿರುವುದು.

ತುಮಕೂರಿನಿಂದ ಹೊರಟವರು ಕೊರಟಗೆರೆಯನ್ನು ದಾಟಿ, ಮಧುಗಿರಿಯ ಏಕಶಿಲೆಯ ದುರ್ಗವನ್ನು ಕಣ್ತುಂಬ ಕಂಡು, ಪಾವಗಡದ ಕಡೆಗೆ ತಿರುಗಿದರೆ ನೆಲದ ಬಣ್ಣವೂ ಜನರ ಮಾತೂ ಮೆಲ್ಲಮೆಲ್ಲನೆ ಬದಲಾಗುವುವು. ತೆಂಗು ಅಡಕೆಗಳು ಹಿಂದೆ ಸರಿದು ಕಡಲೆಕಾಯಿಯ ಹೊಲಗಳೂ ಹುಣಿಸೆಯ ಮರಗಳೂ ಎದುರಾಗುವುವು. ಪಾವಗಡದ ತಾಲ್ಲೂಕು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟ ಒಂದು ನಡುಗಡ್ಡೆಯಂತಿರುವುದು. ಇಲ್ಲಿ ಮಳೆ ಕೃಪಣ. ಬಿಸಿಲು ಮಾತ್ರ ಮಹಾದಾನಿ. ಆ ಬಿಸಿಲನ್ನೇ ಬೆಳೆಯನ್ನಾಗಿ ಮಾಡಿಕೊಂಡು, ಇದೇ ತಾಲ್ಲೂಕಿನ ತಿರುಮಣಿಯ ಸುತ್ತಣ ೫ ಹಳ್ಳಿಗಳ ಸುಮಾರು ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ತಲೆಯೆತ್ತಿರುವುದು.

ಪಾವಗಡದಿಂದ ಬಡಗಲಾಗಿ ಸಾಗಿದರೆ ಹೊಸಕೋಟೆ. ಈ ಊರಿನ ಪರಿಚಯವು ಕಣ್ಣಿಗಿಂತ ಮುಂಚೆ ಕಿವಿಗೆ ಆಗುವುದು. ಬೀದಿಗೆ ಕಾಲಿಟ್ಟೊಡನೆ ಮಗ್ಗದ ಸದ್ದು. ರೇಷ್ಮೆಯ ಸೀರೆಗಳನ್ನು ನೇಯುವುದು ಇಲ್ಲಿಯ ಹಳೆಯ ಕಸುಬು. ಜಗಲಿಯ ಮೇಲೆ ಕುಳಿತ ಅಜ್ಜಿ ತೆಲುಗಿನಲ್ಲಿ ಏನನ್ನೋ ಕೇಳುವಳು. ಮೊಮ್ಮಗಳು ಕನ್ನಡದಲ್ಲಿ ಉತ್ತರ ಕೊಡುವಳು. ನಡುವೆ ಭಾಷೆ ಬದಲಾಯಿತೆಂಬ ಅರಿವೇ ಇಬ್ಬರಿಗೂ ಇರದು. ನಮ್ಮ ಹಳೆಯ ಶಿಷ್ಯರೊಬ್ಬರ ಆಮಂತ್ರಣದ ಮೇರೆಗೆ ಕಳೆದ ಮಾಘಮಾಸದಲ್ಲಿ ನಾವು ಎರಡು ದಿನ ಅಲ್ಲಿದ್ದೆವು. ಪಾಳೆಯಗಾರರ ಕಾಲದ ಕುರುಹುಗಳನ್ನು ನೋಡಬೇಕೆಂಬುದು ನಮ್ಮ ಉದ್ದೇಶವಾಗಿದ್ದಿತು. ಆದರೆ ಮನಸ್ಸಿನಲ್ಲಿ ನಿಂತದ್ದು ಊರ ಹೊರಗಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಮಾಡಿದ್ದ ಒಂದು ಆಟದ ಕಣ.

ಬಯಲುಸೀಮೆಯ ಹಿರಿಯರ ಬಾಯಲ್ಲಿ ಈ ಆಟಕ್ಕೆ ಚೆಡುಗುಡು ಎಂದು ಹೆಸರು. ಗಡಿಯಾಚೆಯ ತೆಲುಗರೂ ಹಾಗೆಯೇ ಕರೆಯುವರು. ಹುಡುಗರು ಮಾತ್ರ ಕಬಡ್ಡಿ ಎಂದರೆ ತಿರುಗಿ ನೋಡುವರು. ೧೯೩೬ರಲ್ಲಿ ಬರ್ಲಿನ್ ನಗರದ ಒಲಿಂಪಿಕ್ ಮೇಳದಲ್ಲಿ ಅಮರಾವತಿಯ ತರುಣರು ಇದನ್ನು ಆಡಿ ತೋರಿಸಿದರು. ೧೯೯೦ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಲ್ಲಿ ಇದಕ್ಕೆ ಪದಕದ ಮಾನ್ಯತೆ ದೊರೆಯಿತು. ಆದರೂ ಇದಕ್ಕೆ ಬೇಕಾದ ಸಾಮಗ್ರಿ ಇಂದಿಗೂ ಒಂದು ಹಿಡಿ ಸುಣ್ಣ ಮತ್ತು ಒಂದು ಎದೆ ಉಸಿರು, ಅಷ್ಟೇ.

ಆಟವನ್ನು ನೋಡದ ಗೃಹಿಣಿಯರಿಗಾಗಿ ಎರಡು ಮಾತು. ೧೩ ಮೀಟರು ಉದ್ದ, ೧೦ ಮೀಟರು ಅಗಲದ ಕಣ. ನಡುವೆ ಒಂದು ಗೆರೆ. ಎರಡು ಪಕ್ಷಗಳಲ್ಲಿಯೂ ಏಳೇಳು ಮಂದಿ. ದಾಳಿಗಾರನು ‘ಕಬಡ್ಡಿ ಕಬಡ್ಡಿ’ ಎಂದು ಉಸಿರು ಬಿಡದೆ ನುಡಿಯುತ್ತ ಎದುರಾಳಿಗಳ ನೆಲಕ್ಕೆ ನುಗ್ಗಿ, ಕೈಯಿಂದಲೋ ಕಾಲಿಂದಲೋ ಅವರನ್ನು ಮುಟ್ಟಿ, ೩೦ ಸೆಕೆಂಡುಗಳೊಳಗೆ ತನ್ನ ನೆಲಕ್ಕೆ ಮರಳಬೇಕು. ಮುಟ್ಟಿಸಿಕೊಂಡವರು ಹೊರಕ್ಕೆ, ಅವನೇ ಸಿಕ್ಕಿಬಿದ್ದರೆ ಅವನೇ ಹೊರಕ್ಕೆ. ಹೊರಗೆ ಹೋದವನು ತನ್ನಷ್ಟಕ್ಕೆ ತಾನು ಒಳಗೆ ಬರುವಂತಿಲ್ಲ. ಅವನ ಪಕ್ಷದವರು ಎದುರಾಳಿಯೊಬ್ಬನನ್ನು ಹೊರಗೆ ಕಳುಹಿಸಿದಾಗಲೇ ಇವನಿಗೆ ಪುನರ್ಜನ್ಮ. ವಾಚಕರು ಈ ಕೊನೆಯ ನಿಯಮವನ್ನು ನೆನಪಿನಲ್ಲಿಡಬೇಕು. ನಮ್ಮ ಕಥೆಯ ತಿರುಳು ಅದರಲ್ಲಿಯೇ ಇರುವುದು.

ಆ ಸಂಜೆ ಗಡಿಯಾಚೆಯ ಒಂದು ಹಳ್ಳಿಯವರೊಡನೆ ಹೊಸಕೋಟೆಯವರ ಪಂದ್ಯ. ಊರಿನ ತಂಡಕ್ಕೆ ಅದು ಕೆಟ್ಟ ಕಾಲ. ಹಲವು ವರ್ಷ ದಾಳಿಯ ಭಾರವನ್ನು ಹೊತ್ತಿದ್ದ ತರುಣನು ಕೆಲಸವನ್ನು ಅರಸಿ ಬೆಂಗಳೂರಿಗೆ ಹೋಗಿಬಿಟ್ಟಿದ್ದನು. ಅವನ ಸ್ಥಾನಕ್ಕೆ ಬಂದವನು ನೇಕಾರರ ಮನೆಯ ಹತ್ತೊಂಬತ್ತರ ಹುಡುಗ. ತೆಳ್ಳನೆಯ ಮೈ, ಉದ್ದನೆಯ ತೋಳು, ಜಿಂಕೆಯ ಕಾಲು. ಅವನು ಬಂದ ಮೇಲೆ ಆಡಿದ ನಾಲ್ಕು ಪಂದ್ಯಗಳಲ್ಲಿಯೂ ತಂಡಕ್ಕೆ ಸೋಲೇ ಆಗಿದ್ದಿತೆಂದು ನಮ್ಮ ಶಿಷ್ಯರು ಮೊದಲೇ ಹೇಳಿದ್ದರು. “ಈ ಸಲವೂ ಸೋತರೆ ಹುಡುಗನನ್ನು ಬಿಟ್ಟುಬಿಡ್ತಾರೆ ಮೇಷ್ಟ್ರೇ. ಬಿಟ್ಟರೆ ಅವನೂ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆಮೇಲೆ ತಂಡವೂ ಇಲ್ಲ, ಆಟವೂ ಇಲ್ಲ” ಎಂದರು.

ಮೊದಲ ಅರ್ಧದಲ್ಲಿ ನಾವು ಕಂಡದ್ದು ಹೀಗೆ. ಹುಡುಗನು ವೇಗವಾಗಿ ನುಗ್ಗುವನು; ಆದರೆ ಕಣ್ಣು ಒಬ್ಬನ ಮೇಲೆಯೇ ನೆಟ್ಟಿರುವುದು. ಅವನನ್ನು ಮುಟ್ಟುವ ಆತುರದಲ್ಲಿರುವಾಗ ಮೂಲೆಯವನು ಹಿಂದಿನಿಂದ ಬಂದು ಕಣಕಾಲನ್ನು ಹಿಡಿಯುವನು. ಎರಡು ಬಾರಿ ಹೀಗಾಯಿತು. ಆಮೇಲೆ ಭಯವು ಹೊಕ್ಕಿತು. ನಡುಗೆರೆಯ ಹತ್ತಿರವೇ ಸುಳಿದಾಡಿ ಬರಿಗೈಯಲ್ಲಿ ಮರಳತೊಡಗಿದನು. ಹೊಸ ಪದ್ಧತಿಯಲ್ಲಿ ಪಕ್ಷವೊಂದರ ಎರಡು ದಾಳಿಗಳು ಒಂದರ ಮೇಲೊಂದು ಬರಿದಾದರೆ ಮೂರನೆಯದು ‘ಮಾಡು ಇಲ್ಲವೆ ಮಡಿ’; ಆ ದಾಳಿಯಲ್ಲಿ ಅಂಕವನ್ನು ತಾರದವನು ಹೊರಗೆ ನಡೆಯಬೇಕು. ಹುಡುಗನು ಮೂರನೆಯದಕ್ಕೆ ಹೋದನು, ಸಿಕ್ಕಿಬಿದ್ದನು, ಹೊರಗೆ ಬಂದು ಬೇಲಿಯ ಕಡೆಗೆ ಮುಖಮಾಡಿ ಕುಳಿತನು. ಒಂದು ಕಡೆಯಿಂದ ‘ಹಿಡೀರೋ’ ಎಂಬ ಕೂಗು, ಇನ್ನೊಂದು ಕಡೆಯಿಂದ ‘ಪಟ್ಟುಕೋ’ ಎಂಬ ಕೂಗು. ಅರ್ಧ ಆಟ ಮುಗಿದಾಗ ಹೊಸಕೋಟೆಯವರು ೧೨ ಅಂಕ ಹಿಂದಿದ್ದರು.

ನೆರೆದವರಲ್ಲಿ ಒಬ್ಬರು, “ಉತ್ತರನ ಪೌರುಷ ಒಲೆಯ ಮುಂದೆ” ಎಂದರು. ಎಲ್ಲರೂ ನಕ್ಕರು. ಆ ನಗೆ ಹುಡುಗನ ಕಿವಿಗೂ ಬಿದ್ದಿರಬೇಕು. ತಂಡಕ್ಕೆ ಆಟ ಕಲಿಸುವವರು ಅರುವತ್ತು ದಾಟಿದ ಒಬ್ಬ ನೇಕಾರರು. ಪ್ರಾಯದಲ್ಲಿ ಸುತ್ತಿನ ಊರುಗಳಲ್ಲೆಲ್ಲ ಚೆಡುಗುಡು ಆಡಿದವರು. ಹುಡುಗನನ್ನು ಬದಲಾಯಿಸಬೇಕೆಂದು ಊರ ಹಿರಿಯರು ಇಬ್ಬರು ಅವರಿಗೆ ಒತ್ತಾಯ ಮಾಡಿದರು. ಅವರು ಸಿಟ್ಟಾಗಲಿಲ್ಲ. “ಅಲ್ಲಣ್ಣಾ, ಅವನು ಹೊರಗೆ ಹೋದಾಗ ನಮ್ಮೋರು ಒಬ್ಬರನ್ನಾದರೂ ಹಿಡಿದರೇನು? ಹಿಡೀದೆ ಅವನು ಒಳಗೆ ಬರೋದು ಹೇಗೆ? ಲಾಳಿಯನ್ನು ಬೈದು ಏನು ಫಲ, ಹಾಸೇ ಸಡಿಲವಾಗಿದ್ದರೆ?” ಎಂದರು.

ಈ ಮಾತು ನಮಗೆ ಬಹಳ ಅರ್ಥವತ್ತಾಗಿ ಕಂಡಿತು. ದಾಳಿಯು ಸೊರಗಿದಾಗ ದಾಳಿಗಾರನನ್ನು ದೂರುವುದು ಸುಲಭ. ಆದರೆ ಆಟದ ನಿಯಮವೇ ಬೇರೆ ಹೇಳುವುದು. ಹಿಡಿತದವರು ಎದುರಾಳಿಯನ್ನು ಕೆಡವಿದಾಗಲೇ ದಾಳಿಗಾರನಿಗೆ ಮರುಪ್ರವೇಶ. ಅವರು ಸೋತಷ್ಟು ಹೊತ್ತೂ ಅವನು ಹೊರಗೆ ಕುಳಿತು ತನ್ನ ತಪ್ಪನ್ನೇ ಮೆಲುಕು ಹಾಕುತ್ತಿರುವನು. ಒಳಗೆ ಬಂದಾಗ ಆ ಮೆಲುಕೇ ಭಯವಾಗಿ ಕಾಲನ್ನು ಕಟ್ಟುವುದು.

ದೊಡ್ಡ ಕಣಗಳ ಇತಿಹಾಸವೂ ಇದನ್ನೇ ಹೇಳುವುದು. ೨೦೧೪ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ನಮ್ಮ ರಾಜಧಾನಿಯ ತಂಡಕ್ಕೆ ಬೆಂಗಳೂರು ಬುಲ್ಸ್ ಎಂದು ಹೆಸರು. ೨೦೧೫ರಲ್ಲಿ ಹರಿಯಾಣದ ಪ್ರದೀಪ್ ನರ್ವಾಲ್ ಎಂಬ ತರುಣನು ಮೊದಲ ಬಾರಿಗೆ ಕಣಕ್ಕಿಳಿದದ್ದು ಈ ತಂಡದಲ್ಲಿಯೇ. ಆ ವರ್ಷ ಅವನು ದಾಳಿಯಲ್ಲಿ ಗಳಿಸಿದ ಅಂಕಗಳು ಹತ್ತನ್ನೂ ಮುಟ್ಟಲಿಲ್ಲ. ಮರುವರ್ಷ ಅವನು ಪಾಟ್ನಾದ ತಂಡವನ್ನು ಸೇರಿದನು. ಆ ತಂಡವು ಒಂದರ ಹಿಂದೊಂದು ಮೂರು ಬಾರಿ ಪ್ರಶಸ್ತಿಯನ್ನು ಗೆದ್ದಿತು. ೨೦೧೭ರ ಒಂದೇ ಋತುವಿನಲ್ಲಿ ಅವನು ದಾಳಿಯಿಂದ ತಂದ ಅಂಕಗಳು ೩೬೯. ದೆಹಲಿಯ ಪವನ್ ಸೆಹರಾವತನ ಕಥೆಯೂ ಇಂತಹದೇ. ಬೆಂಗಳೂರಿನಲ್ಲಿ ಆರಂಭಿಸಿ, ೨೦೧೭ರಲ್ಲಿ ಗುಜರಾತಿನ ತಂಡಕ್ಕೆ ಹೋಗಿ, ಅಲ್ಲಿ ಮುಂದೆ ಬರಲಾರದೆ ಹಿಂತಿರುಗಿದವನು ಅವನು. ಬೆಂಗಳೂರು ಅವನ ಮೇಲೆ ಭಾರವಿಟ್ಟಿತು. ಆ ಋತುವಿನಲ್ಲಿ ಅವನ ದಾಳಿಯ ಅಂಕಗಳು ೨೭೧. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ಅರ್ಧ ಆಟ ಮುಗಿದಾಗ ಹಿಂದೆ ಬಿದ್ದಿದ್ದ ಬೆಂಗಳೂರು ಅದೇ ಗುಜರಾತಿನ ತಂಡವನ್ನು ೩೮-೩೩ರಿಂದ ಸೋಲಿಸಿತು. ಪವನನೊಬ್ಬನೇ ತಂದ ಅಂಕಗಳು ೨೨.

ಹಾಗಾದರೆ ಹೆಸರಾಂತ ದಾಳಿಗಾರನನ್ನು ಕರೆತಂದರೆ ಸಾಕಲ್ಲವೇ ಎಂದು ವಾಚಕರು ಕೇಳಬಹುದು. ೨೦೨೪ರಲ್ಲಿ ಅದೂ ಆಯಿತು. ಕೀರ್ತಿಯ ಶಿಖರವನ್ನು ಕಂಡಿದ್ದ ಪ್ರದೀಪನು ಬೆಂಗಳೂರಿಗೆ ಮರಳಿದನು. ಆ ವರ್ಷ ತಂಡವು ೨೨ ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಪಟ್ಟಿಯ ಕೊನೆಯಲ್ಲಿ ನಿಂತಿತು. ೨೦೨೫ರಲ್ಲಿ, ಬಂಗಾಳದ ಮತ್ತು ಪುಣೆಯ ತಂಡಗಳಿಗೆ ಪ್ರಶಸ್ತಿ ತಂದುಕೊಟ್ಟಿದ್ದ ನಮ್ಮ ಕನ್ನಡಿಗ ಬಿ.ಸಿ. ರಮೇಶರು ತರಬೇತುದಾರರಾಗಿ ಬಂದರು; ಇರಾನಿನಿಂದ ಬಂದ ಅಲಿರೆಜಾ ಮಿರ್ಜಾಯಿಯನ್ ಎಂಬ ತರುಣನು ದಾಳಿಯ ಭಾರವನ್ನು ಹೊತ್ತನು; ತಂಡವು ಚೇತರಿಸಿಕೊಂಡು ಕೊನೆಯ ಘಟ್ಟದ ಪಂದ್ಯಗಳನ್ನು ಮುಟ್ಟಿತು. ಒಬ್ಬನ ಕೀರ್ತಿಯಿಂದ ಒಂದು ಪಕ್ಷವು ನಿಲ್ಲಲಾರದು. ಒಬ್ಬನ ಮೊದಲ ಸೋಲುಗಳಿಂದ ಅವನ ಯೋಗ್ಯತೆಯನ್ನು ಅಳೆಯಲೂ ಆಗದು.

ಇನ್ನು ಹೊಸಕೋಟೆಯ ಕಣಕ್ಕೆ ಬರೋಣ. ವಿರಾಮದಲ್ಲಿ ಹಿರಿಯ ನೇಕಾರರು ಹುಡುಗನನ್ನು ಹತ್ತಿರಕ್ಕೆ ಕರೆದು, “ಮಗಾ, ಮುಟ್ಟೋದನ್ನು ಆಮೇಲೆ ನೋಡು. ಮೊದಲು ಮೂಲೆಯವನ ಕಾಲು ನೋಡು. ಅವನ ಹಿಮ್ಮಡಿ ಎದ್ದಿತು ಅಂದರೆ ನಿನ್ನ ಮೇಲೆ ಬರ್ತಾನೆ ಅಂತ ತಿಳಿ” ಎಂದರು. ಬಳಿಕ ಹಿಡಿತದ ನಾಲ್ವರನ್ನು ಕರೆದು ಇಬ್ಬಿಬ್ಬರಂತೆ ಕೈ ಹಿಡಿಸಿ ನಿಲ್ಲಿಸಿದರು. “ಒಬ್ಬೊಬ್ಬರೇ ಹಾರಬೇಡಿ. ಅವನು ಹೊರಗೆ ಬಿದ್ದರೆ ಒಳಗೆ ತರೋದು ನಿಮ್ಮ ಸಾಲ” ಎಂದರು.

ಎರಡನೆಯ ಅರ್ಧದಲ್ಲಿ ಮೊದಲು ಬದಲಾದದ್ದು ಹಿಡಿತ. ಎದುರಾಳಿಗಳ ಮುಖ್ಯ ದಾಳಿಗಾರನನ್ನು ನಾಲ್ವರೂ ಸೇರಿ ಸರಪಣಿಯಂತೆ ಸುತ್ತಿ ಕೆಡವಿದರು. ಹುಡುಗನಿಗೆ ಒಳಗೆ ಬರುವ ಅವಕಾಶ ಬೇಗಬೇಗನೆ ದೊರೆಯತೊಡಗಿತು. ಒಮ್ಮೆ ಬೋನಸ್ ಗೆರೆಯನ್ನು ದಾಟಿ ಒಂದು ಅಂಕ. ಇನ್ನೊಮ್ಮೆ ಬೆರಳ ತುದಿಯಿಂದ ಒಬ್ಬನನ್ನು ತಟ್ಟಿ ಒಂದು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಮತ್ತೆ ‘ಮಾಡು ಇಲ್ಲವೆ ಮಡಿ’ ಬಂದಿತು. ಹುಡುಗನು ಎಡಕ್ಕೆ ಹೋಗುವವನಂತೆ ಬಾಗಿ, ಬಲದ ಮೂಲೆಯವನ ಕಾಲನ್ನೇ ನೋಡುತ್ತಿದ್ದನು. ಹಿಮ್ಮಡಿ ಎದ್ದಿತು. ಅವನು ಹಾರಿಬಂದನು, ಇವನು ಕಾಲನ್ನು ಎತ್ತಿ ಅವನ ಬೆನ್ನನ್ನು ತಟ್ಟಿ, ಅಡ್ಡ ಬಂದ ಇನ್ನೊಬ್ಬನ ಭುಜವನ್ನೂ ಸವರಿ, ನಡುಗೆರೆಯ ಮೇಲೆ ಉದ್ದಕ್ಕೆ ಬಿದ್ದನು. ಎರಡು ಅಂಕ. ಬಯಲೆಲ್ಲ ಎದ್ದು ನಿಂತಿತು. ಹಾಗಿದ್ದರೂ ಹೊಸಕೋಟೆ ಗೆಲ್ಲಲಿಲ್ಲ. ೩ ಅಂಕಗಳಿಂದ ಸೋತಿತು. ಆದರೆ ಹುಡುಗನನ್ನು ಬಿಡಬೇಕೆಂಬ ಮಾತನ್ನು ಆ ರಾತ್ರಿ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಶಿಷ್ಯರೊಡನೆ ನಾವು ಆ ಹುಡುಗನ ಮನೆಗೆ ಹೋದೆವು. ತಂದೆ ಮಗ್ಗದಲ್ಲಿ ಕುಳಿತಿದ್ದರು. ಹುಡುಗನು ಮಂಡಿ ತರಚಿಕೊಂಡು ಹಾಸಿನ ಎಳೆಗಳನ್ನು ಬಿಗಿದು ಕೊಡುತ್ತಿದ್ದನು. ತಾಯಿ ನಮಗೆ ಮಜ್ಜಿಗೆಯನ್ನು ತಂದಿಟ್ಟು, “ಆಟದಿಂದ ಹೊಟ್ಟೆ ತುಂಬುತ್ತಾ ಮೇಷ್ಟ್ರೇ? ನೀವಾದರೂ ಬುದ್ಧಿ ಹೇಳಿ” ಎಂದರು. ಅವರ ಆತಂಕವು ನ್ಯಾಯವಾದುದೇ. ರೇಷ್ಮೆಯ ಬೆಲೆಗೂ ಸೀರೆಯ ಬೆಲೆಗೂ ನಡುವೆ ಉಳಿಯುವ ಅಲ್ಪಕೂಲಿಯಿಂದ ಸಂಸಾರವನ್ನು ತೂಗುವವರಿಗೆ ಮಂಡಿಯ ಗಾಯವೂ ಒಂದು ಖರ್ಚು. ನಾವು ಉತ್ತರವನ್ನು ಯೋಚಿಸುತ್ತಿರುವಷ್ಟರಲ್ಲಿ ತಂದೆ ಲಾಳಿಯನ್ನು ನಿಲ್ಲಿಸಿ, “ಇವನಿಗೆ ಮಗ್ಗ ಕಲಿಸಿದಾಗ ಮೊದಲನೇ ಸೀರೆ ಕೆಡಿಸಿದ. ಎರಡನೇದೂ ಕೆಡಿಸಿದ. ಮಗ್ಗದಿಂದ ಎಬ್ಬಿಸಿದೆನಾ? ಇನ್ನೊಂದು ವರ್ಷ ಆಡಲಿ ಬಿಡೇ” ಎಂದರು. ತಾಯಿ ಮಾತಾಡಲಿಲ್ಲ, ಆದರೆ ಒಳಗೆ ಹೋಗಿ ಅರಿಸಿನವನ್ನು ಕಲಸಿ ತಂದು ಮಗನ ಮಂಡಿಗೆ ಹಚ್ಚಿದರು.

ಒಲೆಯ ಮುಂದಿನ ಪೌರುಷಕ್ಕಾಗಿ ಉತ್ತರಕುಮಾರನನ್ನು ನಾವೆಲ್ಲರೂ ನಗುವೆವು. ಕಥೆಯ ಮುಂದಿನ ಭಾಗವನ್ನು ನೆನೆಯುವವರು ಕಡಿಮೆ. ಕೌರವಸೇನೆಯನ್ನು ಕಂಡು ರಥದಿಂದ ಹಾರಿ ಓಡಿದ ಆ ರಾಜಕುಮಾರನನ್ನು ಅರ್ಜುನನು ಅರಮನೆಗೆ ಅಟ್ಟಲಿಲ್ಲ; ಹಿಡಿದು ತಂದು, ಧೈರ್ಯ ಹೇಳಿ, ಕುದುರೆಗಳ ವಾಘೆಯನ್ನು ಅವನ ಕೈಗೆ ಕೊಟ್ಟನು. ಭೀಷ್ಮದ್ರೋಣರ ಬಾಣಗಳ ನಡುವೆ ರಥವನ್ನು ನಡೆಸಿದವನು ಅದೇ ಉತ್ತರನು. ಮೊದಲ ದಿನವೇ ಅವನನ್ನು ಮನೆಗೆ ಕಳುಹಿಸಿದ್ದರೆ ಗಾದೆಯೊಂದು ಉಳಿಯುತ್ತಿತ್ತೇ ಹೊರತು ಸಾರಥಿಯು ಹುಟ್ಟುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿಯೂ ಪರೀಕ್ಷೆಯಲ್ಲಿಯೋ, ಕಸುಬಿನಲ್ಲಿಯೋ, ಹೊಸದಾಗಿ ಹಿಡಿದ ಉದ್ಯೋಗದಲ್ಲಿಯೋ ಮೊದಲ ಬಾರಿಗೆ ಎಡವುವ ಮಕ್ಕಳಿರುವರು. ಅವರನ್ನು ಕಣದಿಂದ ಎಬ್ಬಿಸುವ ಮುನ್ನ ನಮ್ಮ ಹಾಸು ಬಿಗಿಯಾಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು. ಹೊಸಕೋಟೆಯನ್ನು ನೋಡಹೋಗುವವರು ಅಲ್ಲಿಯ ಸೀರೆಯನ್ನು ಕೊಂಡು ತರಲಿ, ಪಾಳೆಯಗಾರರ ಕುರುಹುಗಳನ್ನು ಕಾಣಲಿ. ಸಂಜೆಯ ಹೊತ್ತಿಗೆ ಊರ ಹೊರಗಿನ ಬಯಲಿಗೂ ಹೋಗಿ ಬರಲಿ. ಆ ಹುಡುಗನು ಇನ್ನೂ ಆಡುತ್ತಿರುವನೆಂದು ಶಿಷ್ಯರ ಕಾಗದ ಬಂದಿದೆ.