ಮೂಲೆಯ ಕುರ್ಚಿ

ಮಹಿಳೆಯರ ಬಚತ್ ಗಟ್‌ಗಳಿಗೆ ಸಾಲ ಕೊಡುವ ಕೆಲಸಕ್ಕೆಂದು 2003ರಲ್ಲಿ ಧಾರಾವಿಯ ಗಲ್ಲಿಗಳನ್ನು ಸುತ್ತುತ್ತಿದ್ದೆ. ಒಮ್ಮೆ ಮಳೆ ಜೋರಾಗಿ ಅಂಗನವಾಡಿಯೊಂದರ ಬಾಗಿಲಲ್ಲಿ ನಿಂತೆ. ಹತ್ತಡಿ ಖೋಲಿ, ತುಂಬಾ ಮಕ್ಕಳು. ನಡುವೆ, ಎರಡು ಹಲಗೆ ಸೇರಿಸಿ ಮಾಡಿದ ಮೂಲೆ-ಕುರ್ಚಿಯಲ್ಲಿ ಒಬ್ಬ ಹುಡುಗ. ಕತ್ತು ನಿಲ್ಲುತ್ತಿರಲಿಲ್ಲ. ಪಕ್ಕದ ಹುಡುಗಿ ಖಿಚಡಿ ತಿನ್ನುತ್ತಾ ನಡುನಡುವೆ ಅವನ ಬಾಯಿಯನ್ನೂ ಒರೆಸುತ್ತಿದ್ದಳು, ಯಾರೂ ಹೇಳದೆ. ಕೆಂಪು ಮಣಿ ಯಾವುದೆಂದು ಕೇಳಿದಾಗ ಅವನು ಕಣ್ಣು ಹೊರಳಿಸಿದ. ತಾಈ ಅದನ್ನೇ ಉತ್ತರವೆಂದು ತೆಗೆದುಕೊಂಡರು. (ಮರಾಠಿಯ ತಾಈ ಅಂದರೆ ಅಕ್ಕ. ಇಷ್ಟು ವರ್ಷವಾದರೂ ನನ್ನ ಕಿವಿಗದು ತಾಯಿ ಅಂತಲೇ ಕೇಳುತ್ತದೆ!)

ನನಗೆ ತಮ್ಮ ನೆನಪಾದ. ಅವನಿಗೂ ಸೆರೆಬ್ರಲ್ ಪಾಲ್ಸಿ. ಆ ಹೆಸರು ಆಗ ಕುಂದಾಪುರದ ಕಡೆ ನಮಗ್ಯಾರಿಗೂ ಗೊತ್ತಿರಲಿಲ್ಲ. 1977ರಲ್ಲಿ ಅಮ್ಮ ಅವನನ್ನೆತ್ತಿಕೊಂಡು ಬಾಲವಾಡಿಗೆ ಹೋದರೆ, ಉಳಿದ ಮಕ್ಕಳು ಹೆದರುತ್ತಾರೆಂದು ವಾಪಸು ಕಳಿಸಿದರು. ಜಗಲಿಯಲ್ಲೇ ಬೆಳೆದ. 1989ರಲ್ಲಿ ಹೋದ.

ಇದೇ ಮುಂಬಯಿಯಲ್ಲಿ ಮಿಥು ಆಲೂರ್ ತಮ್ಮ ಮಗಳು ಮಾಲಿನಿಯಂಥ ಮಕ್ಕಳಿಗಾಗಿ 1972ರಲ್ಲೇ ಕೊಲಾಬಾದಲ್ಲಿ ಮೂರು ಮಕ್ಕಳಿಂದ ಶಾಲೆ ಶುರು ಮಾಡಿದ್ದರು. 1975ರಲ್ಲಿ ಬಂದ ಅಂಗನವಾಡಿ ಯೋಜನೆಯಿಂದ ಇಂಥ ಮಕ್ಕಳು ಹೊರಗುಳಿದದ್ದನ್ನು ಅವರೇ ಮುಂದೆ ಸಂಶೋಧನೆ ಮಾಡಿ ತೋರಿಸಿದರು. ಬೇರೆ ಶಾಲೆಯಷ್ಟೇ ಸಾಲದು, ಎಲ್ಲರ ಜೊತೆಯೇ ಕೂರಿಸಬೇಕೆಂದು ಧಾರಾವಿಯಂಥ ಕಡೆ ಅವರ ಸಂಸ್ಥೆ ಕೆಲಸಕ್ಕಿಳಿಯಿತು.

ಕಾನೂನಿನ ಲೆಕ್ಕ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಶುರುವಾಗುವುದೇ ಆರನೇ ವಯಸ್ಸಿಗೆ. ಮಿದುಳು ಹೆಚ್ಚು ಕಲಿಯುವ ವರ್ಷಗಳು ಅದಕ್ಕೂ ಮೊದಲಿನವು. ಬಡ್ಡಿ ಬೆಳೆಯುವ ಕಾಲದಲ್ಲಿ ಖಾತೆಯನ್ನೇ ತೆರೆಯದ ಹಾಗೆ! 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಿಗೆ ದಿವ್ಯಾಂಗ ಮಕ್ಕಳ ಮಾರ್ಗಸೂಚಿ ತಂದಿತು. ಒಳ್ಳೆಯದೇ. ಆದರೆ ತೂಕ, ಊಟ, ರಿಜಿಸ್ಟರು ಎಲ್ಲ ನೋಡುವ ತಾಈಗೆ ಇನ್ನೊಂದು ಕೈ ಕೊಡದೆ ಮಾರ್ಗಸೂಚಿ ಮಾತ್ರ ಕೊಟ್ಟರೆ ಹೇಗೆ?

ಇರಲಿ. ನಾನು ಜಗಲಿಯಲ್ಲಿ ಮಗ್ಗಿ ಹೇಳುವಾಗ ತಮ್ಮ ಆಗಾಗ ನಗುತ್ತಿದ್ದ. ಸುಮ್ಮನೆ ನಗುತ್ತಾನೆ ಅಂದುಕೊಂಡಿದ್ದೆ, ರೇಗುತ್ತಿದ್ದೆ ಕೂಡ. ಆ ಮಳೆಯಲ್ಲಿ ನಿಂತಾಗ ಹೊಳೆಯಿತು: ನಗುತ್ತಿದ್ದದ್ದು ನಾನು ತಪ್ಪಿದಾಗ ಮಾತ್ರ. ಹನ್ನೆರಡೇಳಲಿ ಎಂಬತ್ತಾರು ಅಂದಾಗಲೆಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“ಅದ್ ನಂಗ್ ಗೊತ್ತಿತ್ತ್ ಮಗಾ” ಅಂದಳು.