ಅಗ್ಗದ ಗಾನಯಂತ್ರ

ಈ ಬರಹದಲ್ಲಿ 'ನಾವು' ಎಂದು ಬಂದಲ್ಲೆಲ್ಲ ಓದುಗರು ಸ್ವಲ್ಪ ಎಚ್ಚರಿಕೆಯಿಂದ ಅರ್ಥ ಮಾಡಿಕೊಳ್ಳಬೇಕು. ಮಾಡಿದ ಕೆಲಸ ಚೆನ್ನಾಯಿತೋ, ನಾವು ಎಂದರೆ ಇಡೀ ಸಂಸಾರ. ಹಣ ಪೋಲಾಯಿತೋ, ನಾವು ಎಂದರೆ ನಾವೊಬ್ಬರೇ. ಇದು ನಮ್ಮ ಮನೆಯ ಹಳೆಯ ಕಾನೂನು. ಈ ಕಾನೂನಿನ ಪ್ರಕಾರ, ಹೋದ ಶ್ರಾವಣದ ಒಂದು ಶನಿವಾರ ಮುಂಬಯಿಯ ಚೋರ್ ಬಾಜಾರಕ್ಕೆ ಹೋಗಿ ಹಳೆಯದೊಂದು ರೆಕಾರ್ಡ್ ಪ್ಲೇಯರನ್ನು ಹೊತ್ತು ತಂದವರು ನಾವೊಬ್ಬರೇ. ಅದು ಹಾಡತೊಡಗಿದ ಮೇಲೆ ಅದರ ಮುಂದೆ ಕುಳಿತವರು ನಾವೆಲ್ಲರೂ.

ಹೋದದ್ದು ನಿಜವಾಗಿ ಹಿತ್ತಾಳೆಯ ಚಿಲಕ ತರಲೆಂದು. ದೇವರ ಕೋಣೆಯ ಬಾಗಿಲಿನದು ಮುರಿದಿತ್ತು. ಅಂಥದು ಮಟನ್ ಸ್ಟ್ರೀಟಿನಲ್ಲಿ ಸಿಗುತ್ತದೆಂದು ಯಾರೋ ಹೇಳಿದ್ದರು. ಆ ಬೀದಿಯನ್ನು ನೋಡಿದವರಿಗೆ ನಾವು ಹೇಳಬೇಕಾದ್ದಿಲ್ಲ. ಗೋಡೆಗಡಿಯಾರಗಳು, ಹಡಗಿನ ದೀಪಗಳು, ಸಿನಿಮಾದ ಭಿತ್ತಿಚಿತ್ರಗಳು, ಯಾರದೋ ಮನೆತನದ ಹೆಸರು ಕೊರೆದ ಬೆಳ್ಳಿಯ ಬಟ್ಟಲು, ಎಲ್ಲವೂ ತಮ್ಮ ತಮ್ಮ ಮನೆಗಳನ್ನು ಬಿಟ್ಟು ಇಲ್ಲಿ ಬಂದು ಕೂತಿವೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅಲ್ಲಿ ಒಂದು ಬಗೆಯ ಬಂಧುತ್ವ ಅನಿಸುತ್ತದೆ. ಚಿಲಕದ ಅಂಗಡಿಗೆ ಇನ್ನು ಹತ್ತು ಹೆಜ್ಜೆ ಇರುವಾಗ ಒಂದು ಮೇಜಿನ ಕೆಳಗೆ, ಮರದ ಚೌಕಟ್ಟಿನಲ್ಲಿ ಧೂಳು ತಿನ್ನುತ್ತ ಈ ಯಂತ್ರ ಬಿದ್ದಿತ್ತು. ಒರೆಸಿ ನೋಡಿದರೆ ಗ್ಯಾರಾರ್ಡ್ ಎಂಬ ಹೆಸರು. ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ತಯಾರಾದದ್ದು. 1960ರ ದಶಕದ ಮಾಲು. ವೇಗದ ಗುಂಡಿಯ ಸುತ್ತ 16, 33, 45, 78 ಎಂಬ ನಾಲ್ಕು ಅಂಕೆಗಳು. ಆ 78ನ್ನು ಕಂಡೊಡನೆ ನಮ್ಮ ಕಾಲು ಅಲ್ಲೇ ನಿಂತಿತು.

ಅಂಗಡಿಯವ ಏಳು ಸಾವಿರ ಅಂದ. ನಾವು ಎರಡು ಅಂದೆವು. ಅವನು ನಕ್ಕ; ನಾವು ನಡೆದೆವು. ಅವನು ಕರೆದ, ನಾವು ಕೇಳಿಸದವರಂತೆ ಇನ್ನೂ ನಾಲ್ಕು ಹೆಜ್ಜೆ ಹಾಕಿದೆವು. ಕೊನೆಗೆ ಮೂರು ಸಾವಿರದ ಇನ್ನೂರಕ್ಕೆ ಮುಗಿಯಿತು. "ನಡೆಯುತ್ತದೆಯೇ?" ಎಂದು ಕೇಳಿದ್ದಕ್ಕೆ ಅವನು ತಂತಿ ಚುಚ್ಚಿ ತಿರುಗಿಸಿ ತೋರಿಸಿದ. ತಟ್ಟೆ ತಿರುಗಿತು. ತಿರುಗುವುದಕ್ಕೂ ಹಾಡುವುದಕ್ಕೂ ನಡುವೆ ಇರುವ ಅಂತರ ನಮಗೆ ಆಗ ಹೊಳೆಯಲಿಲ್ಲ. ಅವನು ಸುಳ್ಳು ಹೇಳಲಿಲ್ಲ. ನಾವು ಪೂರ್ತಿ ಕೇಳಲಿಲ್ಲ, ಅಷ್ಟೆ.

ಸ್ಯಾಂಡ್‌ಹರ್ಸ್ಟ್ ರೋಡಿನಿಂದ ಡೊಂಬಿವಲಿಯವರೆಗೆ ನಿಧಾನದ ಗಾಡಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆವು. ಮನೆಯಲ್ಲಿ ಬಾಗಿಲು ತೆರೆದ ಮನೆಯಾಕೆ ಮೊದಲು ನಮ್ಮ ಕೈ ನೋಡಿದಳು, ಆಮೇಲೆ ಮುಖ.

"ಅಲ್ರೀ, ಚಿಲಕ ಎಲ್ಲೈತಿ?"

ನಾವು ಯಂತ್ರವನ್ನು ತೋರಿಸಿದೆವು. ಆಕೆ ಮುಂದೇನೂ ಕೇಳದೆ ಖರ್ಚಿನ ವಹಿ ತೆಗೆದು ನಮ್ಮ ಹೆಸರಿನ ಪುಟದಲ್ಲಿ ಬರೆದುಕೊಂಡಳು.

ಇಲ್ಲಿ ಒಂದು ಹಿಂದಿನ ಕಥೆ ಹೇಳಬೇಕು. ಧಾರವಾಡದ ನಮ್ಮ ಮನೆಯಲ್ಲಿ ಚಾವಿ ಕೊಟ್ಟು ನಡೆಸುವ ಗ್ರಾಮಫೋನು ಇತ್ತು. ಶಾಲಾ ಮಾಸ್ತರರಾಗಿದ್ದ ಅಪ್ಪ ಅದನ್ನು ಯಾರಿಂದಲೋ ಹಳೆಯದನ್ನೇ ಕೊಂಡಿದ್ದರು. ರವಿವಾರ ಸಂಜೆ ಪಡಸಾಲೆಯಲ್ಲಿ ಅವರ ನಾಲ್ಕಾರು ಗೆಳೆಯರು ಕೂಡುವರು. ಮನ್ಸೂರರ ತಟ್ಟೆ, ಗಂಗೂಬಾಯಿಯವರ ತಟ್ಟೆ, ನಾಟಕದ ಪದಗಳು ಒಂದಾದ ಮೇಲೊಂದು ನಡೆಯುವವು. 1976ರಲ್ಲಿ ನಾವು ಹೆಚ್ಚಿನ ಓದಿಗೆ ಮುಂಬಯಿಗೆ ಹೊರಟಾಗ ಅಪ್ಪ ಆ ಗ್ರಾಮಫೋನನ್ನು ಮಾರಿದರು. ಹದಿನಾಲ್ಕು ತಟ್ಟೆಗಳನ್ನು ಮಾತ್ರ ಮಾರಲಿಲ್ಲ. ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. 2003ರಲ್ಲಿ ಅವರು ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು, ಅವಳ ಜೊತೆಗೆ ಟ್ರಂಕೂ ಬಂತು. ತನ್ನ ಸಂಗೀತವನ್ನು ಮಾರಿ ಮಗನನ್ನು ಓದಿಸಿದ ತಂದೆಯ ಕಥೆಯನ್ನು ನಾವು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಮಗಳಿಗೆ ಅದು ಬಾಯಿಪಾಠ. ಕನ್ನಡ ಸಂಘದ ಒಂದು ಸಭೆಯಲ್ಲಿಯೂ ಹೇಳಿ ಚಪ್ಪಾಳೆ ಪಡೆದಿದ್ದೇವೆ. ಚೋರ್ ಬಾಜಾರದಲ್ಲಿ ಕಾಲು ನಿಂತದ್ದು ಆ ಸಾಲದ ಭಾರಕ್ಕೆ.

ಯಂತ್ರವೇನೋ ತಿರುಗುತ್ತಿತ್ತು. ತಿರುಗುವಾಗ ಒಳಗೆ ಯಾರೋ ಅವಲಕ್ಕಿ ಕುಟ್ಟಿದಂತೆ ಸದ್ದು. ಸ್ಪೀಕರಿಗೆ ಜೋಡಿಸಿದರೆ ಬರೀ ಗುಂಯ್ ಎಂಬ ದನಿ. ಲ್ಯಾಮಿಂಗ್ಟನ್ ರೋಡಿನ ಒಂದು ಮಾಳಿಗೆಯ ಮೇಲೆ, ರೇಡಿಯೋ ಕಾಲದಿಂದಲೂ ಈ ಕೆಲಸ ಮಾಡುತ್ತ ಬಂದ ಒಬ್ಬ ಮುದುಕರು ಸಿಕ್ಕರು. ಅವರು ತಟ್ಟೆಯನ್ನು ಎತ್ತಿ ಅದರ ಕೆಳಗಿನ ಚಿಕ್ಕ ರಬ್ಬರಿನ ಗಾಲಿಯನ್ನು ತೋರಿಸಿದರು. ಮೋಟಾರಿನ ಕಡ್ಡಿಯೂ ತಟ್ಟೆಯ ಅಂಚೂ ನೇರವಾಗಿ ಮುಟ್ಟುವುದಿಲ್ಲ. ನಡುವೆ ಈ ಗಾಲಿ ನಿಂತು ಒಂದರ ವೇಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಒತ್ತಿ ನಿಂತು ರಬ್ಬರು ಕಲ್ಲಾಗಿ ಅಲ್ಲೊಂದು ತಗ್ಗು ಬಿದ್ದಿತ್ತು. ಅವಲಕ್ಕಿ ಕುಟ್ಟುತ್ತಿದ್ದುದು ಅದೇ. ಗಾಲಿಗೆ ಹೊಸ ರಬ್ಬರು, ಒಣಗಿದ ಗ್ರೀಸು ತೆಗೆದು ಹೊಸ ಎಣ್ಣೆ, ಸತ್ತುಹೋಗಿದ್ದ ಕಾರ್ಟ್ರಿಜ್ಜಿನ ಬದಲು ಎರಡು ಮುಳ್ಳಿರುವ ಇನ್ನೊಂದು. ಎರಡು ಮುಳ್ಳು ಯಾಕೆಂದರೆ, 78ರ ತಟ್ಟೆಯ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸಣ್ಣ ಮುಳ್ಳನ್ನು ಅದರಲ್ಲಿ ಇಳಿಸಿದರೆ ಅದು ಗೆರೆಯ ತಳದಲ್ಲಿ ಕಸ ಗುಡಿಸುತ್ತ ಹೋಗುತ್ತದೆಯೇ ಹೊರತು ಹಾಡನ್ನು ಸರಿಯಾಗಿ ಹಿಡಿಯುವುದಿಲ್ಲ. ಒಂದು ಚಿಕ್ಕ ಕಿವಿಯನ್ನು ತಿರುವಿದರೆ ಮುಳ್ಳು ಬದಲಾಗುತ್ತದೆ.

ಹೊರಡುವಾಗ ಮುದುಕರು ಬಾಗಿಲಿನಿಂದ ಮತ್ತೆ ಕರೆದು ಇನ್ನೊಂದು ಮಾತು ಹೇಳಿದರು. ಅದಕ್ಕಾಗಿ ಅವರಿಗೆ ಎರಡು ಪಟ್ಟು ಕೂಲಿ ಕೊಟ್ಟರೂ ಕಡಿಮೆಯೇ. ಹಳೆಯ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ. ಅವು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆ. ಮರದ ಮೇಲಿನ ಸಣ್ಣ ಹುಳುಗಳು ಕೊಟ್ಟ ಅರಗು, ಅದಕ್ಕೆ ಕಲ್ಲಿನ ಪುಡಿ ಮತ್ತು ಕಾಡಿಗೆ ಬೆರೆಸಿ ಒತ್ತಿದ ತಟ್ಟೆಗಳು ಅವು. ಆ ಹೊತ್ತಿಗೆ ಮನೆಯಲ್ಲಿ ಸ್ಪಿರಿಟ್ಟಿನ ಬಾಟಲಿ ತಂದಿಟ್ಟಾಗಿತ್ತು! ನೀರು, ಒಂದು ಹನಿ ಸಾಬೂನು, ಮೆತ್ತಗಿನ ಬಟ್ಟೆ, ನಡುವಿನ ಚೀಟಿ ಒದ್ದೆಯಾಗದಂತೆ ಬೆರಳಿನ ಕಾವಲು: ಹೀಗೆ ಒಂದು ಶನಿವಾರ ರಾತ್ರಿ ಹದಿನಾಲ್ಕು ತಟ್ಟೆಗಳಿಗೂ ಅಭ್ಯಂಜನವಾಯಿತು. ಒಂದು ತಟ್ಟೆ ಮೊದಲೇ ಸೀಳಿತ್ತು. ಇನ್ನೊಂದನ್ನು ನಾವೇ ಒಡೆದೆವು. ರಿಪೇರಿಗೆ ಎರಡು ಸಾವಿರದ ಎಂಟುನೂರು. ವಹಿಯಲ್ಲಿ ಮೊತ್ತ ಆರು ಸಾವಿರ. ಏಳು ಸಾವಿರ ಕೇಳಿದವನನ್ನು ಸೋಲಿಸಿದ ಹೆಮ್ಮೆ ಅಲ್ಲಿಗೆ ಬಹಳಷ್ಟು ಇಳಿದಿತ್ತು.

ರವಿವಾರ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿದೆವು. ಮೊದಲು ಗಂಗೂಬಾಯಿಯವರದು. ಅವರ ಮೊದಲ ಕಾಲದ ತಟ್ಟೆಗಳಲ್ಲಿ ಹೆಸರು 'ಗಾಂಧಾರಿ' ಎಂದಿರುತ್ತದೆ. ಮಗಳು 33ರಲ್ಲಿಯೇ ಬಿಟ್ಟಿದ್ದರಿಂದ ಮೊದಲಿಗೆ ಪಾತಾಳದಿಂದ ಯಾರೋ ನರಳಿದಂತಾಯಿತು. ಗುಂಡಿ ತಿರುವಿದ ಮೇಲೆ ಎಳೆಯ, ಸಪೂರವಾದ ದನಿಯೊಂದು ಎದ್ದು ನಿಂತಿತು. "ಇದು ಅವರದಾ?" ಎಂದು ಮಗಳು ನಂಬಲಿಲ್ಲ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ದನಿ ಗಡುಸಾಯಿತು. ಎಲ್ಲರೂ ಬಲ್ಲದ್ದು ಆ ದನಿ. ಅದಕ್ಕಿಂತ ಮುಂಚಿನದನ್ನು ಅರಗು ಹಿಡಿದಿಟ್ಟುಕೊಂಡಿತ್ತು. ಇದೇ ಹಾಡು ಫೋನಿನಲ್ಲಿಯೂ ಸಿಗಬಹುದೆಂದು ಮಗಳು ಅಂದಳು. ಅದೂ ಖರೆಯೇ, ನಾವು ವಾದಿಸಲಿಲ್ಲ.

ಒಂದು ಮಗ್ಗಲಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗ ಹುಟ್ಟಬೇಕು, ಬೆಳೆಯಬೇಕು, ಮುಗಿಯಬೇಕು. ಇದಕ್ಕೆ ಅಪ್ಪ ಹೇಳುತ್ತಿದ್ದುದು ಗೌಹರ್ ಜಾನಳ ಕಥೆ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಆಕೆಯ ಹಾಡನ್ನು ಮುದ್ರಿಸಿಕೊಂಡರು. ಮುಗಿಸುವಾಗ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು, ತಟ್ಟೆ ಒತ್ತುವ ಜರ್ಮನಿಯ ಹ್ಯಾನೋವರಿನವರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ಅಷ್ಟು ಮೆರೆದಾಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳು. ಅಪ್ಪನ ಧಾಟಿಯಲ್ಲಿಯೇ ಇದನ್ನು ಮಗಳಿಗೆ ಹೇಳಿ, ಅದೇ ಬಿರುಸಿನಲ್ಲಿ ನಾವು ನಮ್ಮ ಹಳೆಯ ಕಥೆಗೂ ಕೈ ಹಾಕಿದೆವು: ಅಂಥ ರಸಿಕರು, ನನ್ನ ಓದಿಗಾಗಿ ಗ್ರಾಮಫೋನನ್ನೇ...

"ಅದನ್ನ ಮಾರ್ರಿ ಅಂತ ಹೇಳಿದಾಕಿ ನಾನಽ" ಎಂದಳು ಅವ್ವ.

ನಾವು ತಿರುಗಿ ನೋಡಿದೆವು.

"ಅವರಿಗೆ ಬ್ಯಾಸರಾಗಿತ್ತು ಖರೆ. ನನಗೇನ ಆಗಿರಲಿಲ್ಲ. ಚಹಾ ತಂದಾಕಿ ಚಾವಿ ಕೊಟ್ಟು ಹೋಗಬೇಕು. ಒಂದು ಪ್ಲೇಟಿಗೆ ಒಂದ್ಸಲ ಚಾವಿ, ಒಂದು ಹೊಸಾ ಮುಳ್ಳು. ಹಾಡು ಶುರು ಆಗೂದರಾಗ ಒಳಗ ಹಾಲು ಉಕ್ಕತಿತ್ತು. ಹತ್ತೊಂಬತ್ತು ವರ್ಷದಾಗ ಒಂದು ಹಾಡು ಪೂರಾ ಕೇಳಿದ್ದು ನನಗ ನೆನಪಿಲ್ಲ."

"ಆದರೂ ಅವ್ವಾ, ನನ್ನ ಫೀ..."

"ಗ್ರಾಮಫೋನಿಗೆ ತೊಂಬತ್ತು ರೂಪಾಯಿ ಬಂತು. ಬೊಂಬಾಯಿಗೆ ಹೋಗಿ ಓದಲಿಕ್ಕೆ ಅಷ್ಟು ಸಾಕೇನು, ತಮ್ಮಾ? ನನ್ನ ಪಾಟ್ಲಿ ಹೋದವು."

ಇದನ್ನು ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಸಂತೆಯಲ್ಲಿ ಬದನೆಕಾಯಿಯ ಧಾರಣೆ ಹೇಳಿದಂತೆ ಹೇಳಿದಳು. ತಟ್ಟೆ ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಿತ್ತು, ಯಾರೂ ಎತ್ತಲಿಲ್ಲ. ನಾವು ಅವಳ ಕೈ ನೋಡಿದೆವು. ಎರಡೆರಡು ಗಾಜಿನ ಬಳೆ. ನಮಗೆ ನೆನಪಿರುವಂತೆ ಆ ಕೈಯಲ್ಲಿ ಯಾವಾಗಲೂ ಅಷ್ಟೇ ಇದ್ದವು. ಅದಕ್ಕೂ ಮುಂಚೆ ಏನಿತ್ತೆಂದು ನೆನಪು ಮಾಡಿಕೊಳ್ಳಹೋದರೆ ಏನೂ ಬರಲಿಲ್ಲ. ಗ್ರಾಮಫೋನಿನ ಮುಚ್ಚಳದ ಮೇಲಿನ ಗೀರು ಕೂಡ ನೆನಪಿದೆ, ಪಾಟ್ಲಿ ನೆನಪಿಲ್ಲ. ಸಂಘದ ಸಭೆಯಲ್ಲಿ ನಾವು ಆ ಕಥೆ ಹೇಳಿದ ದಿನ ಅವ್ವ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಚಪ್ಪಾಳೆಯನ್ನೂ ತಟ್ಟಿದ್ದಳು.

"ಯಾಕ ಹೇಳಲಿಲ್ಲ?" ಎಂದು ಮನೆಯಾಕೆ ಕೇಳಿದಳು, ನಮ್ಮ ಪರವಾಗಿ.

"ಯಾರು ಕೇಳಿದ್ರು?"

ಮಗಳು ಎದ್ದು ಮುಳ್ಳೆತ್ತಿದಳು. "ಅಜ್ಜಿ, ಈಗ ನಿನಗ ಬೇಕಾದ್ದು ಹೇಳು." ಅವ್ವ ತಡಮಾಡಲಿಲ್ಲ. ಅಮೀರಬಾಯಿ ಕರ್ನಾಟಕಿಯವರ ಕಿಸ್ಮತ್ ಚಿತ್ರದ ಹಾಡು, 1943ರದು. ಬೀಳಗಿಯಿಂದ ಹೊರಟು ಮುಂಬಯಿಯಲ್ಲಿ ಹೆಸರು ಮಾಡಿದವರು ಅಮೀರಬಾಯಿ. ನಮ್ಮ ಸಂಘಗಳು ಅವರನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು ಎಂಬುದು ನಮ್ಮ ತಕರಾರು. ಸಿನಿಮಾ ಹಾಡೆಂದು ಅಪ್ಪನ ಗೆಳೆಯರು ಆ ತಟ್ಟೆಯನ್ನು ಮುಟ್ಟುತ್ತಿರಲಿಲ್ಲವಂತೆ. ಅದಕ್ಕೇ ಇರಬೇಕು, ಹದಿನಾಲ್ಕರಲ್ಲಿ ಅದರ ಗೆರೆಯೇ ಎಲ್ಲಕ್ಕಿಂತ ಕಡಿಮೆ ಸವೆದಿತ್ತು. ಅವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಸುತ್ತಿನವರೆಗೂ ಕೇಳಿದಳು. ಮುಗಿದ ಮೇಲೆ, "ಇದು ಇಷ್ಟು ಉದ್ದ ಐತೇನು!" ಎಂದಳು.

ಪಾಟ್ಲಿ ಮಾಡಿಸಿ ಕೊಡುತ್ತೇವೆಂದು ಮಾರನೆಯ ದಿನ ಹೇಳಿನೋಡಿದೆವು. ಎಂಬತ್ತಾರರ ವಯಸ್ಸಿನಲ್ಲಿ ಬಂಗಾರ ಹೊತ್ತು ಎಲ್ಲಿಗೆ ಹೋಗಲಿ ಎಂದು ನಕ್ಕುಬಿಟ್ಟಳು. ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದೇವೆ. ಮನೆಯಾಕೆ ಮಾತ್ರ ಬಿಟ್ಟಿಲ್ಲ. ಖರ್ಚಿನ ವಹಿಯಲ್ಲಿ ನಮ್ಮ ಹೆಸರಿನ ಪುಟದಲ್ಲಿ 'ಪಾಟ್ಲಿ' ಎಂದು ಬರೆದು, ಅದರ ಮುಂದೆ ಮೊತ್ತದ ಜಾಗವನ್ನು ಖಾಲಿ ಇಟ್ಟಿದ್ದಾಳೆ.

ಈಗ ರವಿವಾರ ಸಂಜೆಯ ಚಹಾ ನಮ್ಮ ಪಾಲಿನ ಕೆಲಸ. ಒಳಗಿನಿಂದ ಹಾಡು ಅರ್ಧ ಕೇಳುತ್ತದೆ; ಉಳಿದರ್ಧ ನಳದ ಸದ್ದಿನಲ್ಲಿ ಹೋಗುತ್ತದೆ. ಸರಿಯಾಗಿ ಹಾಲು ಮೇಲೇರುವ ಹೊತ್ತಿಗೆ ಹೊರಗಿನಿಂದ ಅವ್ವನ ಕೂಗು ಬರುತ್ತದೆ: "ಏ ತಮ್ಮಾ, ಮುಗೀತು. ಮಗ್ಗಲಾ ಹೊರಳಿಸು ಬಾ."

ಒಲೆ ಸಣ್ಣ ಮಾಡಿ ಹೋಗುತ್ತೇವೆ.